ಫ್ಲಾಸ್ಕ್‌ನಲ್ಲಿ ಸೊಂಪಾಗಿ ಬೆಳೆದ ಬ್ಯಾಕ್ಟೀರಿಯಾ ಡ್ರಮ್ಮಿನಲ್ಲಿ ಏಕೆ ಸೋಲುತ್ತದೆ?

ಪ್ರಶ್ನೆ: ಕಾಳುಮೆಣಸಿನ ಬಳ್ಳಿಗೆ ಹಾಕಲು ಸ್ಯೂಡೊಮೊನಾಸ್ ಎಂಬ, ರೋಗ ತಡೆಯಲು ನೆರವಾಗುವ ಬ್ಯಾಕ್ಟೀರಿಯಾ ಬೆಳೆಸಿದೆ. ಪರಿಚಯದವರ ಪ್ರಯೋಗಾಲಯದ ಫ್ಲಾಸ್ಕ್‌ನಲ್ಲಿ ಎರಡೇ ದಿನಕ್ಕೆ ಹಳದಿ-ಹಸಿರು ಬಣ್ಣ ಬಂತು. ಅದನ್ನೇ ಬೆಲ್ಲದ ನೀರು ತುಂಬಿದ 200 ಲೀಟರ್ ಡ್ರಮ್ಮಿಗೆ ಸುರಿದರೆ ಬಣ್ಣ ಬರಲಿಲ್ಲ, ಹುಳಿ ವಾಸನೆ ಬಂತು. ಬೆಲ್ಲ ಕಡಿಮೆಯಾಯಿತೇ?
– ಮೂಡಿಗೆರೆಯ ಓದುಗರು

ಉತ್ತರ: ದಯವಿಟ್ಟು ಬೆಲ್ಲ ಹೆಚ್ಚಿಸಬೇಡಿ. ಕಡಿಮೆ ಬಿದ್ದದ್ದು ಗಾಳಿ.

ಲೆಕ್ಕ ಹಾಕಿ ನೋಡೋಣ. 250 ಮಿಲಿಲೀಟರ್ ಫ್ಲಾಸ್ಕ್‌ಗೆ ಸಾಮಾನ್ಯವಾಗಿ 50 ಮಿಲಿಲೀಟರ್ ದ್ರವ ಹಾಕುತ್ತಾರೆ. ತಳದಲ್ಲಿ ಒಂದು ಬೆರಳಿನ ದಪ್ಪದಷ್ಟು ನಿಲ್ಲುತ್ತದೆ, ಅಷ್ಟೇ. ಅಲ್ಲಿ ಒಂದು ಲೀಟರಿಗೆ ಸುಮಾರು 1,000 ಚದರ ಸೆಂಟಿಮೀಟರ್ ಮೇಲ್ಮೈ ಗಾಳಿಗೆ ತೆರೆದಿರುತ್ತದೆ. ನಿಮ್ಮ ಡ್ರಮ್ಮಿನಲ್ಲಿ ಅದು ಲೀಟರಿಗೆ 13 ಚದರ ಸೆಂಟಿಮೀಟರ್ ಆಸುಪಾಸು. ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕವೇ ಹೆಚ್ಚೆಂದರೆ 8 ಮಿಲಿಗ್ರಾಂ. ಮಲೆನಾಡಿನ ಎತ್ತರದಲ್ಲಿ ಇನ್ನೂ ತುಸು ಕಡಿಮೆ. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬಲ್ಲದು.

ಸ್ಯೂಡೊಮೊನಾಸ್ ಗಾಳಿ ಬೇಡುವ ಜೀವಿ. ಅದು ಉಸಿರು ಕಟ್ಟಿ ಕುಳಿತಾಗ ಬೆಲ್ಲದ ಜೊತೆ ಬಂದ, ಗಾಳಿಯಿಲ್ಲದೆಯೂ ಬದುಕುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಡ್ರಮ್ಮನ್ನು ಆಕ್ರಮಿಸುತ್ತವೆ. ನಿಮಗೆ ಬಂದ ಹುಳಿ ವಾಸನೆ ಬಹುಪಾಲು ಅವುಗಳದ್ದೇ ಇರಬೇಕು. ಪಲ್ಪಿಂಗ್ ಆದ ಕಾಫಿ ಬೀಜವನ್ನು ಹುದುಗಿಸುವ ತೊಟ್ಟಿ ಎಷ್ಟು ದೊಡ್ಡದಾದರೂ ಬೀಜದ ಲೋಳೆ ಕಳಚುತ್ತದಲ್ಲ ಎಂದು ನೀವು ಕೇಳಬಹುದು. ಅಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳಲ್ಲಿ ಹೆಚ್ಚಿನವು ಗಾಳಿಯಿಲ್ಲದೆ ನಿಭಾಯಿಸುತ್ತವೆ. ಆ ಅನುಭವವನ್ನು ಇಲ್ಲಿಗೆ ತರಲು ಬರುವುದಿಲ್ಲ.

ಬೇರೆ ಸೂಕ್ಷ್ಮಜೀವಿಗಳ ಬೆರಕೆಯಿಲ್ಲದ, ಗಾಳಿ ಊದಿ ಕಲಕುವ ಕಾರ್ಖಾನೆಯ ತೊಟ್ಟಿಯಲ್ಲೂ ಈ ಕಷ್ಟ ತಪ್ಪಿದ್ದಲ್ಲ. ನನಗೆ ಅತ್ಯಂತ ಸ್ವಾರಸ್ಯವಾಗಿ ಕಾಣುವುದು ಈ ಭಾಗವೇ. ಪ್ರಯೋಗಾಲಯದ ಸಣ್ಣ ಪಾತ್ರೆಯಲ್ಲಿ ಹಾಕಿದ ಸಕ್ಕರೆ ಕೆಲವು ಸೆಕೆಂಡುಗಳಲ್ಲಿ ಎಲ್ಲೆಡೆ ಬೆರೆಯುತ್ತದೆ. ಹತ್ತಾರು ಸಾವಿರ ಲೀಟರಿನ ತೊಟ್ಟಿಯಲ್ಲಿ ಒಂದು ನಿಮಿಷವೋ ಇನ್ನೂ ಹೆಚ್ಚೋ ಬೇಕು. ಕಾರ್ಖಾನೆಗಳಲ್ಲಿ ಪ್ರೋಟೀನ್ ತಯಾರಿಸಲು ಬೆಳೆಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾವನ್ನೇ ನೋಡಿ. ಅಷ್ಟರಲ್ಲಿ ಸಕ್ಕರೆಯ ಪಾಕ ಬೀಳುವ ಜಾಗಕ್ಕೆ ಬಂದ ಅದರ ಜೀವಕೋಶಕ್ಕೆ ಒಮ್ಮೆಲೇ ಹಬ್ಬದೂಟ. ಉರಿಸಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆ ಒಳಗೆ ನುಗ್ಗಿದಾಗ ಅದು ಮಿಕ್ಕಿದ್ದನ್ನು ಅಸಿಟೇಟ್ (ವಿನೆಗರ್‌ನಲ್ಲಿರುವ ಆಮ್ಲದ ಒಂದು ರೂಪ) ಮಾಡಿ ಹೊರಚೆಲ್ಲುತ್ತದೆ. ಅಲ್ಲೇ ಆಮ್ಲಜನಕವೂ ಮುಗಿದರೆ ಫಾರ್ಮೇಟ್, ಲ್ಯಾಕ್ಟೇಟ್, ಎಥನಾಲ್‌ನಂಥ ಬೇರೆ ತ್ಯಾಜ್ಯಗಳೂ ಬರುತ್ತವೆ. ಮರುಗಳಿಗೆ ಕಲಕುವ ಸೆಳೆತಕ್ಕೆ ಸಿಕ್ಕಿ ಅದೇ ಜೀವಕೋಶ ಸಕ್ಕರೆಯೇ ಇಲ್ಲದ ಮೂಲೆಗೆ ಬರುತ್ತದೆ. ಅಲ್ಲಿ ಉಪವಾಸ. ಹೀಗೆ ಪ್ರತಿ ಸುತ್ತಿಗೂ ಕಿಣ್ವಗಳ ವ್ಯವಸ್ಥೆ ಬದಲಿಸಿಕೊಳ್ಳಲು ಖರ್ಚಾಗುವ ಶಕ್ತಿ ನಮಗೆ ಬೇಕಾದ ಪ್ರೋಟೀನಿನ ಪಾಲಿನಿಂದ ಹೋಗುತ್ತದೆ. ಅಸಿಟೇಟ್ ಕೂಡಿಕೊಂಡಷ್ಟೂ ಬೆಳವಣಿಗೆ ಕುಗ್ಗುತ್ತದೆ. ತೊಟ್ಟಿಯ ಸರಾಸರಿ ಅಂಕಿಗಳು ಸರಿಯಾಗಿಯೇ ಇರುತ್ತವೆ, ಆದರೆ ಯಾವ ಜೀವಕೋಶವೂ ಸರಾಸರಿಯಲ್ಲಿ ಬದುಕುವುದಿಲ್ಲ.

ಬ್ಯಾಕ್ಟೀರಿಯಾ ಬೆಳೆಯುವಾಗ ಹುಟ್ಟುವ ಶಾಖವೂ ಸೇರಿಕೊಳ್ಳುತ್ತದೆ: ತೊಟ್ಟಿಯ ಗಾತ್ರ ಹೆಚ್ಚಿದಷ್ಟು ಅದನ್ನು ತಣಿಸುವ ಮೇಲ್ಮೈ ಹೆಚ್ಚುವುದಿಲ್ಲ. ಒಂದು ಲೀಟರಿನಷ್ಟೇ ದಟ್ಟವಾದ ಸಾವಿರ ಲೀಟರ್ ಬೆಳೆಸಲು ಜೀವಕೋಶ ಸುಮಾರು ಹತ್ತು ಸಲ ಹೆಚ್ಚುವರಿಯಾಗಿ ಇಬ್ಭಾಗವಾಗಬೇಕು. ಅಷ್ಟು ತಲೆಮಾರುಗಳಲ್ಲಿ ಉತ್ಪನ್ನ ಕೊಡದೆ ಬೇಗ ಬೆಳೆಯುವ ಮೈಗಳ್ಳ ಜೀವಕೋಶಗಳು ಮುಂದಾಗಬಹುದು.

ಕಾರ್ಖಾನೆಯವರು ಸಕ್ಕರೆಯನ್ನು ಹನಿಹನಿಯಾಗಿ, ಒಂದಕ್ಕಿಂತ ಹೆಚ್ಚು ಕಡೆಯಿಂದ ಬಿಡುತ್ತಾರೆ. ಮೊದಲೇ ಎರಡು ಸಣ್ಣ ಪಾತ್ರೆಗಳ ನಡುವೆ ಬ್ಯಾಕ್ಟೀರಿಯಾವನ್ನು ಓಡಾಡಿಸಿ ದೊಡ್ಡ ತೊಟ್ಟಿಯ ಕಷ್ಟವನ್ನು ಅಣಕು ಪ್ರಯೋಗದಲ್ಲಿ ನೋಡಿಕೊಳ್ಳುತ್ತಾರೆ.

ನಿಮ್ಮ ಮಟ್ಟಿಗೆ, ಮೀನಿನ ತೊಟ್ಟಿಯ ಗಾಳಿ ಪಂಪು ಸ್ವಲ್ಪ ನೆರವಾದೀತು, ಬೆರಕೆಯನ್ನು ತಡೆಯದು. ಪ್ರಯೋಗಾಲಯದಲ್ಲಿ ಶುದ್ಧವಾಗಿ ಬೆಳೆಸಿದ ಸ್ಯೂಡೊಮೊನಾಸನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವವಿಟ್ಟು, ಆಗಾಗ ಮಗುಚಿ ಬಳ್ಳಿಯ ಬುಡಕ್ಕೆ ಕೊಡುವುದನ್ನೇ ನಾನು ಹೇಳುತ್ತೇನೆ. ಸಡಿಲವಾದ ಗೊಬ್ಬರದಲ್ಲಿ ಗಾಳಿ ಆಡುತ್ತದೆ. ಹುಳಿ ಬಂದ ಈ ಡ್ರಮ್ಮಿನಿಂದ ಮಾತ್ರ ಮುಂದಿನ ಡ್ರಮ್ಮಿಗೆ ಹೆಪ್ಪು ಹಾಕಬೇಡಿ.