ಗೆಟ್ಟರ್, ಸೆಟ್ಟರ್ ಎರಡನ್ನೂ ಬರೆದ ಮೇಲೆ ಪ್ರೈವೇಟ್ ಯಾಕೆ?

ಪ್ರಶ್ನೆ: ಪ್ರೋಗ್ರಾಮ್ ಬರೆಯುವಾಗ ಕ್ಲಾಸಿನ ಫೀಲ್ಡನ್ನು, ಅಂದರೆ ಅದರೊಳಗಿನ ಮಾಹಿತಿಯನ್ನು, ಹೊರಗಿನ ಕೋಡ್ ಮುಟ್ಟದಂತೆ ಪ್ರೈವೇಟ್ ಮಾಡುತ್ತೇವೆ. ಆಮೇಲೆ ಅದಕ್ಕೇ ಓದಿಕೊಡುವ ಗೆಟ್ಟರ್, ಬದಲಿಸುವ ಸೆಟ್ಟರ್ ಎಂಬ ಮೆಥಡ್‌ಗಳನ್ನು (ಕ್ಲಾಸಿನೊಳಗಿನ ಫಂಕ್ಷನ್‌ಗಳನ್ನು) ಬರೆಯುತ್ತೇವೆ. ಅದರ ಬದಲು ಪಬ್ಲಿಕ್ ಮಾಡಿದರೂ ಒಂದೇ ಅಲ್ವಾ?

ಉತ್ತರ: ನಿಮ್ಮ ಸೆಟ್ಟರ್ ಬಂದದ್ದನ್ನು ಸುಮ್ನೆ ಫೀಲ್ಡಿಗೆ ತುಂಬುವುದಾದರೆ, ಹೌದು, ಹೆಚ್ಚು ಕಡಿಮೆ ಒಂದೇ. ಮುಂದೆ ಯಾವತ್ತೋ ಅದರೊಳಗೆ ತಪಾಸಣೆ ಸೇರಿಸಬಹುದು, ಅದನ್ನು ಕರೆಯುವ ಕೋಡನ್ನು ಮುಟ್ಟಬೇಕಿಲ್ಲ. ಅಷ್ಟೇ ಲಾಭ. ಆದರೆ ಪ್ರೈವೇಟ್ ಇರುವುದು ಇನ್ನೂ ದೊಡ್ಡ ಕೆಲಸಕ್ಕೆ: ಆಬ್ಜೆಕ್ಟ್ (ಕ್ಲಾಸ್ ಎಂಬ ಅಚ್ಚಿನಿಂದ ತಯಾರಾದದ್ದು) ತನ್ನ ನಿಯಮವನ್ನು ತಾನೇ ಕಾಯ್ದುಕೊಳ್ಳುವುದಕ್ಕೆ.

‘ಅವಧಿ’ ಎಂಬ ಕ್ಲಾಸ್ ಇದೆ ಎಂದುಕೊಳ್ಳಿ. ಶುರುವಾಗುವ ದಿನ 5, ಮುಗಿಯುವ ದಿನ 10. ಮುಗಿದ ಮೇಲೆ ಶುರುವಾಗುವಂತಿಲ್ಲ, ಇದೊಂದೇ ನಿಯಮ. ಈಗ ಇದನ್ನು 20ರಿಂದ 25ಕ್ಕೆ ಸರಿಸಬೇಕು. ಮೊದಲು ಶುರುವಿಗೆ 20 ಕೊಟ್ಟರೆ ಆ ಗಳಿಗೆಯಲ್ಲಿ ಅವಧಿ 20ರಿಂದ 10 ಆಗುತ್ತದೆ! ಸೆಟ್ಟರಿನಲ್ಲಿ ತಪಾಸಣೆ ಇದ್ದರೆ ಸರಿಯಾದ ಬದಲಾವಣೆಗೂ ತಡೆ ಬೀಳುತ್ತದೆ. ಇಲ್ಲದಿದ್ದರೆ ನಿಯಮವೇ ಮುರಿಯುತ್ತದೆ. ಮುಗಿಯುವ ದಿನವನ್ನು ಮೊದಲು ಬದಲಿಸಿದರಾಯಿತು ಎನ್ನಬಹುದು. ಹಿಂದಕ್ಕೆ ಸರಿಸುವಾಗ ಆ ಕ್ರಮ ಉಲ್ಟಾ ಆಗಬೇಕು. ಇದನ್ನೆಲ್ಲ ಕರೆಯುವವರು ಯಾಕೆ ನೆನಪಿಟ್ಟುಕೊಳ್ಳಬೇಕು?

ಎರಡೂ ಸೆಟ್ಟರ್‌ಗಳನ್ನು ತೆಗೆದುಹಾಕಿ. ಎರಡು ದಿನಗಳನ್ನೂ ಒಟ್ಟಿಗೆ ತೆಗೆದುಕೊಳ್ಳುವ ‘ಸರಿಸು’ ಎಂಬ ಒಂದೇ ಮೆಥಡ್ ಬರೆಯಿರಿ. ಅದು ಮೊದಲು ಪರೀಕ್ಷಿಸಲಿ, ಆಮೇಲೆ ಬದಲಿಸಲಿ. ಎಲ್ಲ ಫೀಲ್ಡಿಗೂ ಒಂದೇ ಕ್ಲಿಕ್ಕಿನಲ್ಲಿ ಸೆಟ್ಟರ್ ಬರೆದುಕೊಡುವ ಎಡಿಟರ್ ಸೌಲಭ್ಯ ನನಗೆ ಇಷ್ಟವಾಗದಿರುವುದು ಇದಕ್ಕೇ.

ಗೆಟ್ಟರ್ ಬಗ್ಗೆಯೂ ಎಚ್ಚರ ಬೇಕು. ಒಳಗಿನ ಲಿಸ್ಟನ್ನೇ ಹಿಂತಿರುಗಿಸಿದರೆ, ಪಡೆದವರು ಅದಕ್ಕೆ ಏನನ್ನಾದರೂ ಸೇರಿಸಬಹುದು, ಅಳಿಸಬಹುದು. ಫೀಲ್ಡ್ ಪ್ರೈವೇಟ್ ಆಗಿದ್ದೂ ಪ್ರಯೋಜನವಿಲ್ಲ. ಲಿಸ್ಟಿನ ನಕಲನ್ನು ಕೊಡಿ.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಜಾವಾ, ಸಿ++ ಎರಡರಲ್ಲೂ ಪ್ರೈವೇಟ್ ಗೋಡೆ ಇರುವುದು ಕ್ಲಾಸಿನ ಸುತ್ತ, ಆಬ್ಜೆಕ್ಟಿನ ಸುತ್ತ ಅಲ್ಲ. ಒಂದು ‘ಅವಧಿ’ಯ ಮೆಥಡ್ ಇನ್ನೊಂದು ‘ಅವಧಿ’ಯ ಪ್ರೈವೇಟ್ ಫೀಲ್ಡನ್ನು ನೇರವಾಗಿ ಓದಬಲ್ಲದು. ಎರಡು ಆಬ್ಜೆಕ್ಟ್‌ಗಳನ್ನು ಹೋಲಿಸುವಾಗ ಇದು ಬಹಳ ಅನುಕೂಲ.

ಪೈಥಾನ್‌ನಲ್ಲಿ ಇಂಥ ಗೋಡೆಯೇ ಇಲ್ಲ. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿದರೆ ‘ಇದನ್ನು ಹೊರಗಿನಿಂದ ಮುಟ್ಟಬೇಡಿ’ ಎಂಬ ಸೂಚನೆ ಮಾತ್ರ. ಎರಡು ಹಾಕಿದರೆ ಒಳಗೊಳಗೇ ಕ್ಲಾಸಿನ ಹೆಸರು ಸೇರಿ ಹೆಸರು ಬದಲಾಗುತ್ತದೆ, ಹುಡುಕಿದರೆ ಆಗಲೂ ಸಿಗುತ್ತದೆ. ಆದರೆ ಅಲ್ಲಿ ಪ್ರಾಪರ್ಟಿ ಇದೆ: ಹೊರಗಿನಿಂದ ಫೀಲ್ಡಿನಂತೆ ಕಂಡರೂ ಒಳಗೆ ಮೆಥಡ್ ನಡೆಯುತ್ತದೆ. ಇವತ್ತು ತೆರೆದ ಫೀಲ್ಡ್ ಇಟ್ಟು, ತಪಾಸಣೆ ಬೇಕಾದ ದಿನ ಅದೇ ಹೆಸರಿನ ಪ್ರಾಪರ್ಟಿ ಮಾಡಬಹುದು. ಹೊರಗಿನ ಕೋಡ್ ಇದ್ದ ಹಾಗೇ ನಡೆಯುತ್ತದೆ. ಹಾಗಾಗಿ ಪೈಥಾನ್‌ನಲ್ಲಿ ಗೆಟ್ಟರ್, ಸೆಟ್ಟರ್‌ಗಳನ್ನು ಮುಂಚೆಯೇ ಬರೆದಿಡುವ ಅಗತ್ಯವಿಲ್ಲ.