ವಿಡಿಯೊ ಗೇಮ್ ಮತ್ತು ಎಐ: ಪಿಎಚ್‌.ಡಿ. ಎಡವುವುದು ಅಳತೆಯಲ್ಲಿ

ವಿಡಿಯೊ ಗೇಮ್ ಮತ್ತು ಕೃತಕ ಬುದ್ಧಿಮತ್ತೆಯ ಮೇಲೆ ಪಿಎಚ್‌.ಡಿ. ಮಾಡಲು ಹೊರಟವರ ಮೊದಲ ಪ್ರಸ್ತಾವ ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿರುತ್ತದೆ: ಇಂಥ ಆಟವನ್ನು ಮನುಷ್ಯರಿಗಿಂತ ಚೆನ್ನಾಗಿ ಆಡುವ ಏಜೆಂಟ್ (ತಾನಾಗಿ ಆಡಲು ಕಲಿಯುವ ಪ್ರೋಗ್ರಾಂ) ಕಟ್ಟುತ್ತೇನೆ. ಅದು ಒಳ್ಳೆಯ ಪ್ರಾಜೆಕ್ಟ್ ಆದೀತು, ಸಂಶೋಧನಾ ಪ್ರಶ್ನೆ ಆಗಲಾರದು. ಏಜೆಂಟ್ ಗೆದ್ದಿತು ಎಂದ ಕೂಡಲೇ ಪರೀಕ್ಷಕರು ಕೇಳುವುದೇ ಬೇರೆ. ಯಾವ ಕಾರಣಕ್ಕೆ ಗೆದ್ದಿತು? ನೀವು ಸೇರಿಸಿದ ಹೊಸ ಭಾಗವನ್ನು ತೆಗೆದರೆ ಎಷ್ಟು ಕುಸಿಯುತ್ತದೆ? ಹಿಂದೆ ಕಂಡಿರದ ಲೆವೆಲ್ ಕೊಟ್ಟರೆ? ಅಳತೆ ಸಡಿಲವಾಗಿದ್ದರೆ ಈ ಮೂರಕ್ಕೂ ಉತ್ತರವಿರುವುದಿಲ್ಲ. ಕೊನೆಯ ವರ್ಷದಲ್ಲಿ ಪ್ರಯೋಗಗಳನ್ನೆಲ್ಲ ಮತ್ತೆ ನಡೆಸಬೇಕಾಗುತ್ತದೆ.

ಪ್ರಶ್ನೆಯನ್ನು ಕಟ್ಟುವಾಗಲೇ ಅದು ಯಾವಾಗ ಸುಳ್ಳಾಗುತ್ತದೆ ಎಂಬುದನ್ನೂ ಬರೆದಿಡಬೇಕು. ಉದಾಹರಣೆಗೆ: ಅಂಕ ಅಪರೂಪಕ್ಕೆ ಸಿಗುವ ಆಟದಲ್ಲಿ, ಹೊಸದನ್ನು ಕಂಡಾಗ ಏಜೆಂಟ್‌ಗೆ ಹೆಚ್ಚುವರಿ ಬಹುಮಾನ (ಕಲಿಕೆಗೆ ದಾರಿ ತೋರುವ ಅಂಕ) ಕೊಟ್ಟರೆ ಅದು ಎಷ್ಟು ಹೆಚ್ಚು ಕೋಣೆಗಳನ್ನು ತಲುಪುತ್ತದೆ? ಪರದೆಯ ಒಂದು ಮೂಲೆಯಲ್ಲಿ ಅರ್ಥವಿಲ್ಲದ ಮಿನುಗು ಇಟ್ಟಾಗಲೂ ಆ ಲಾಭ ಉಳಿಯುತ್ತದೆಯೇ? ಎರಡನೆಯ ಭಾಗವೇ ಇದನ್ನು ಸಂಶೋಧನೆಯಾಗಿಸುತ್ತದೆ. ಮಿನುಗು ಸದಾ ಹೊಸದಾಗಿ ಕಾಣುವುದರಿಂದ ಏಜೆಂಟ್ ಆಟ ಬಿಟ್ಟು ಅದರ ಮುಂದೆಯೇ ನಿಂತುಬಿಡಬಹುದು. ಹಾಗಾದರೆ ವಿಧಾನದ ಮಿತಿ ಗೊತ್ತಾಗುತ್ತದೆ, ಮಿತಿಯೂ ಒಂದು ಫಲಿತಾಂಶವೇ.

ಆಮೇಲೆ ಆಟದ ಆಯ್ಕೆ. ಇಲ್ಲಿ ನಿಮ್ಮ ಮೆಚ್ಚುಗೆಗಿಂತ ಆಟ ಓಡುವ ವೇಗ ಮುಖ್ಯ. 2013ರಲ್ಲಿ ಪ್ರಕಟವಾದ, ಹಳೆಯ ಅಟಾರಿ ಆಟಗಳಲ್ಲಿ ಏಜೆಂಟ್‌ಗಳನ್ನು ಪರೀಕ್ಷಿಸುವ ತಂತ್ರಾಂಶ ಆರ್ಕೇಡ್ ಲರ್ನಿಂಗ್ ಎನ್ವಿರಾನ್‌ಮೆಂಟ್ ಇಷ್ಟು ಬಳಕೆಯಾಗಲು ಕಾರಣ ಅಟಾರಿ 2600 ಎಂಬ ಆಟದ ಯಂತ್ರದ ಸರಳತೆ: 128 ಬೈಟ್ ಮೆಮೊರಿ, 160 ಅಡ್ಡ 210 ಪಿಕ್ಸೆಲ್ ಪರದೆ, ಹೆಚ್ಚೆಂದರೆ 18 ಕ್ರಿಯೆಗಳು. ಸೆಕೆಂಡಿಗೆ 60 ಫ್ರೇಮ್‌ನ ಆಟವನ್ನು ಎಮ್ಯುಲೇಟರ್ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಅದರ ಹಲವು ಪಟ್ಟು ವೇಗದಲ್ಲಿ ಓಡಿಸುತ್ತದೆ. ಈ ವೇಗವಿಲ್ಲದಿದ್ದರೆ ಏನಾಗುತ್ತಿತ್ತು ನೋಡಿ. ಡೀಪ್‌ಮೈಂಡ್ ಕಂಪನಿ, ಪರದೆ ನೋಡಿ ಆಡಲು ನರಜಾಲಕ್ಕೆ (ನ್ಯೂರಲ್ ನೆಟ್‌ವರ್ಕ್) ಕಲಿಸುವ ಡಿಕ್ಯುಎನ್ ವಿಧಾನದ ಪೂರ್ಣ ಪ್ರಬಂಧವನ್ನು 2015ರಲ್ಲಿ ಪ್ರಕಟಿಸಿದಾಗ ಪ್ರತಿ ಆಟಕ್ಕೆ ಬಳಸಿದ ಅನುಭವ ಸುಮಾರು 38 ದಿನ ಬಿಡದೆ ಆಡಿದ್ದಕ್ಕೆ ಸಮ. ಹಾಗೆ 49 ಆಟ. ನಿಮ್ಮ ಮನಸ್ಸಿನಲ್ಲಿರುವ ಆಧುನಿಕ ಮೂರು ಆಯಾಮದ ಆಟ ನಿಜಸಮಯದಲ್ಲಷ್ಟೇ ಓಡುವುದಾದರೆ ಅದರಲ್ಲಿ ಮೊದಲಿನಿಂದ ಕಲಿಸುವ ಯೋಚನೆ ಬಿಡಿ. ಮನುಷ್ಯರು ಆಡಿದ ದಾಖಲೆಗಳಿಂದ ಕಲಿಸುವ ದಾರಿ ಹಿಡಿಯಿರಿ, ಇಲ್ಲವೇ ಆಟದ ಒಂದು ತುಣುಕನ್ನು ಸಣ್ಣದಾಗಿ ಮತ್ತೆ ಕಟ್ಟಿಕೊಳ್ಳಿ. ಆಟವನ್ನು ಬೇಕಾದ ಸ್ಥಿತಿಗೆ ಮರಳಿಸಲು ಬರುತ್ತದೆಯೇ, ಪರದೆ ಚಿತ್ರಿಸದೆ ಓಡಿಸಬಹುದೇ, ಪರವಾನಗಿ ಒಪ್ಪುತ್ತದೆಯೇ ಎಂದು ಮೊದಲ ತಿಂಗಳಲ್ಲೇ ಪರೀಕ್ಷಿಸಿ.

ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಸ್ವಂತ ಆಟ ಕಟ್ಟುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಭೌತಿಕ ಲೆಕ್ಕಾಚಾರ ಮೊದಲಿಗೆ 0.02 ಸೆಕೆಂಡಿಗೊಮ್ಮೆ ನಡೆಯುವಂತೆ ಇರುತ್ತದೆ. ಕಲಿಕೆಗಾಗಿ ಆಟದ ವೇಗವನ್ನು 20 ಪಟ್ಟು ಏರಿಸಿದಾಗ ಈ ಹೆಜ್ಜೆ ಬದಲಾಗುವುದಿಲ್ಲ, ಆದರೆ ಪರದೆಯ ಫ್ರೇಮ್‌ಗೆ ಕಟ್ಟಿದ ಕೋಡ್ ಅಷ್ಟೇ ಆಟದ ಸಮಯದಲ್ಲಿ ಕಡಿಮೆ ಬಾರಿ ಓಡುತ್ತದೆ. ಜಿಗಿತವನ್ನೋ ಡಿಕ್ಕಿಯನ್ನೋ ಅಲ್ಲಿ ಬರೆದಿದ್ದರೆ ಏಜೆಂಟ್ ಕಲಿಯುವುದು ಒಂದು ಆಟ, ಪರೀಕ್ಷೆಯಲ್ಲಿ ಆಡುವುದು ಇನ್ನೊಂದು.

ನಿಜವಾದ ತೊಡಕಿರುವುದು ಯಾರೂ ಗಮನಿಸದ ಸಣ್ಣ ಸೆಟ್ಟಿಂಗ್‌ಗಳಲ್ಲಿ. ಅಟಾರಿ ಪ್ರಯೋಗಗಳಲ್ಲಿ ಏಜೆಂಟ್ ಪ್ರತಿ ಫ್ರೇಮ್‌ಗೂ ನಿರ್ಧಾರ ಮಾಡುವುದಿಲ್ಲ. ಒಂದು ಕ್ರಿಯೆಯನ್ನು 4 ಫ್ರೇಮ್‌ಗಳವರೆಗೆ ಮುಂದುವರಿಸುತ್ತದೆ, ಅಂದರೆ ಸೆಕೆಂಡಿಗೆ 15 ನಿರ್ಧಾರ. ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ ಇದೇ 4 ಕೈಕೊಟ್ಟಿತು. ಅಲ್ಲಿನ ಗುಂಡುಗಳು ಮಿನುಗುವ ಲಯ ಮತ್ತು ಫ್ರೇಮ್ ಬಿಡುವ ಲಯ ಒಂದಾಗಿ ಗುಂಡುಗಳೇ ಏಜೆಂಟ್‌ಗೆ ಕಾಣದಾದವು. ಡಿಕ್ಯುಎನ್‌ನ 2013ರ ಮೊದಲ ಪ್ರಬಂಧದಲ್ಲಿ ಆ ಒಂದು ಆಟಕ್ಕೆ 4ರ ಬದಲು 3 ಬಳಸಿದ್ದು ಇದಕ್ಕಾಗಿಯೇ. ಬಳಿಕ ಸತತ ಎರಡು ಫ್ರೇಮ್‌ಗಳಲ್ಲಿ ಪ್ರತಿ ಪಿಕ್ಸೆಲ್‌ನ ಗರಿಷ್ಠ ಮೌಲ್ಯ ತೆಗೆದುಕೊಳ್ಳುವ ರೂಢಿ ಬಂತು. ಚಿತ್ರವನ್ನು 84 ಅಡ್ಡ 84ಕ್ಕೆ ಇಳಿಸಿ, ಬಣ್ಣ ತೆಗೆದು, ಇತ್ತೀಚಿನ 4 ಚಿತ್ರಗಳನ್ನು ಒಟ್ಟಿಗೆ ಕೊಡುವುದು ವಾಡಿಕೆ. ಒಂದೇ ಚಿತ್ರದಿಂದ ಚೆಂಡು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯದು. ಹೀಗೆ ಇಳಿಸಿದ ಚಿತ್ರಗಳನ್ನು ಕಡತವಾಗಿ ಉಳಿಸಿ ಕಣ್ಣಾರೆ ನೋಡಿ. ನಿಮಗೇ ಶತ್ರು ಕಾಣದಿದ್ದರೆ ನರಜಾಲಕ್ಕೂ ಕಾಣುವುದಿಲ್ಲ.

ಇನ್ನೊಂದು ಸೆಟ್ಟಿಂಗ್ ಯಾದೃಚ್ಛಿಕತೆಯದು. ಅಟಾರಿ ಯಂತ್ರ ಒಂದೇ ಸ್ಥಿತಿಯಿಂದ ಒಂದೇ ಕ್ರಿಯಾಸರಣಿಗೆ ಪ್ರತಿ ಸಲವೂ ಒಂದೇ ಫಲ ಕೊಡುತ್ತದೆ. ಹಾಗಾಗಿ ಪರದೆಯನ್ನು ನೋಡದೆಯೇ ಗುಂಡಿ ಒತ್ತುವ ಕ್ರಮವನ್ನು ಬಾಯಿಪಾಠ ಮಾಡಿದ ಏಜೆಂಟ್ ಕೂಡ ಒಳ್ಳೆಯ ಅಂಕ ತೆಗೆಯಬಲ್ಲದು. ಇದಕ್ಕೆ ಮದ್ದಾಗಿ 2018ರಿಂದ ಶಿಫಾರಸಾಗಿರುವುದು ಅಂಟುವ ಕ್ರಿಯೆ: 0.25 ಸಂಭಾವ್ಯತೆಯಲ್ಲಿ ಹೊಸ ಆಜ್ಞೆಯ ಬದಲು ಹಿಂದಿನ ಕ್ರಿಯೆಯೇ ಮತ್ತೆ ನಡೆಯುತ್ತದೆ. ಇದನ್ನು ಬಳಸಿದ ಅಂಕವನ್ನು ಬಳಸದ ಹಳೆಯ ಪ್ರಬಂಧದ ಅಂಕದ ಪಕ್ಕದಲ್ಲಿ ಕೋಷ್ಟಕದಲ್ಲಿಡುವುದು ತಪ್ಪು. ಆಟದ ಗರಿಷ್ಠ ಅವಧಿಯದೂ ಇದೇ ಕಥೆ. ಕೆಲವರು 5 ನಿಮಿಷಕ್ಕೆ, ಕೆಲವರು 30 ನಿಮಿಷಕ್ಕೆ, ಅಂದರೆ 1,08,000 ಫ್ರೇಮ್‌ಗಳಿಗೆ ಆಟ ಕಡಿದಿದ್ದಾರೆ. ಸಾಯದೆ ಉಳಿಯುವ ಏಜೆಂಟ್‌ನ ಅಂಕ ಅವಧಿಯೊಂದಿಗೇ ಬೆಳೆಯುತ್ತದೆ.

ಅವಧಿ ಮುಗಿದು ಆಟ ನಿಂತದ್ದಕ್ಕೂ ಪಾತ್ರ ಸತ್ತು ನಿಂತದ್ದಕ್ಕೂ ವ್ಯತ್ಯಾಸ ಮಾಡದ ಕೋಡ್ ಈಗಲೂ ಸಿಗುತ್ತದೆ. ಸತ್ತಾಗ ಮುಂದಿನ ಬಹುಮಾನ ಸೊನ್ನೆ ಎಂದು ಲೆಕ್ಕ ಹಾಕುವುದು ಸರಿ. ಸಮಯ ಮುಗಿದಾಗಲೂ ಸೊನ್ನೆ ಹಾಕಿದರೆ ಒಳ್ಳೆಯ ಸ್ಥಿತಿಯೊಂದನ್ನು ಸಾವಿಗೆ ಸಮ ಎಂದು ಕಲಿಸಿದಂತಾಗುತ್ತದೆ. ಏಜೆಂಟನ್ನು ಆಟಕ್ಕೆ ಜೋಡಿಸುವ ಜಿಮ್ನೇಸಿಯಂ ಲೈಬ್ರರಿ ಈ ಎರಡನ್ನೂ ಬೇರೆ ಬೇರೆ ಸಂಕೇತಗಳಾಗಿ ಕೊಡುವುದು ಇದಕ್ಕೇ. ಅದರ ಹಿಂದಿನ ರೂಪವಾದ ಜಿಮ್‌ನ ಹಳೆಯ ಕೋಡ್ ತಂದು ಬಳಸುವಾಗ ಎರಡನ್ನೂ ಕೂಡಿಸಿ ಒಂದಾಗಿಸಿದ್ದಾರೆಯೇ ಎಂದು ಮೊದಲು ನೋಡಿ.

ಬಹುಮಾನದ ವಿನ್ಯಾಸಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕು. ಕೋಸ್ಟ್‌ರನ್ನರ್ಸ್ ಎಂಬ ದೋಣಿ ಪಂದ್ಯದ ಆಟದ ಉದಾಹರಣೆಯನ್ನು ಓಪನ್‌ಎಐ 2016ರಲ್ಲಿ ತೋರಿಸಿತು: ಏಜೆಂಟ್ ಪಂದ್ಯ ಮುಗಿಸದೆ, ಮತ್ತೆ ಮತ್ತೆ ಹುಟ್ಟುವ ಗುರಿಗಳ ಸುತ್ತ ಗಿರಕಿ ಹೊಡೆದು, ಬೆಂಕಿ ಹತ್ತಿದರೂ ಬಿಡದೆ ಮನುಷ್ಯರಿಗಿಂತ ಹೆಚ್ಚು ಅಂಕ ಗಳಿಸಿತು. ಅಂಕಪಟ್ಟಿ ಮಾತ್ರ ನೋಡಿದವರಿಗೆ ಅದು ಯಶಸ್ಸು. ಬಹುಮಾನವನ್ನು −1ರಿಂದ 1ರೊಳಗೆ ಕತ್ತರಿಸುವ ಡಿಕ್ಯುಎನ್ ರೂಢಿಯೂ ಹೀಗೆಯೇ ಗುರಿಯನ್ನು ಬದಲಿಸುತ್ತದೆ; ಮಿಸ್ ಪ್ಯಾಕ್‌ಮನ್‌ನಲ್ಲಿ 10 ಅಂಕದ ಚುಕ್ಕಿಯೂ 1,600 ಅಂಕದ ಭೂತವೂ ಏಜೆಂಟ್‌ಗೆ ಒಂದೇ ಆಗುತ್ತವೆ. ಪ್ರತಿ ತರಬೇತಿ ಓಟದ ಆರಂಭ, ನಡು, ಕೊನೆಯ ಕೆಲವು ಆಟಗಳ ವಿಡಿಯೊ ತಾನಾಗಿ ಉಳಿಯುವಂತೆ ಮಾಡಿ, ಅವನ್ನು ಕೂತು ನೋಡಿ. ಗ್ರಾಫ್ ಹೇಳದ್ದನ್ನು ವಿಡಿಯೊ ಹೇಳುತ್ತದೆ.

ಈಗ ಸಂಖ್ಯಾಶಾಸ್ತ್ರ. ಯಾದೃಚ್ಛಿಕ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಆರಂಭಿಸುವ ಸಂಖ್ಯೆ) ಬದಲಾದರೆ ಅದೇ ಕೋಡ್, ಅದೇ ಸೆಟ್ಟಿಂಗ್ ತೀರ ಬೇರೆ ಫಲಿತಾಂಶ ಕೊಡುತ್ತದೆ. 2018ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಒಂದೇ ವಿಧಾನದ 10 ಓಟಗಳನ್ನು ಐದೈದರ ಎರಡು ಗುಂಪು ಮಾಡಿದಾಗ ಅವು ಎರಡು ಬೇರೆ ವಿಧಾನಗಳೇನೋ ಎಂಬಂತೆ ಕಂಡವು. 3 ಸೀಡ್ ಓಡಿಸಿ, ಅದರಲ್ಲೂ ಚೆನ್ನಾಗಿ ಬಂದದ್ದನ್ನು ಆರಿಸಿ ಬರೆಯುವ ಅಭ್ಯಾಸಕ್ಕೆ ಇಲ್ಲಿ ಜಾಗವಿಲ್ಲ. ಬಳಸುವ ಸೀಡ್‌ಗಳನ್ನು ಮೊದಲೇ ಬರೆದಿಟ್ಟು ಎಲ್ಲವನ್ನೂ ವರದಿ ಮಾಡಿ.

ಸರಾಸರಿಯೂ ದಾರಿ ತಪ್ಪಿಸುತ್ತದೆ. ಏಜೆಂಟ್‌ನ ಅಂಕದಿಂದ ಕುರುಡು ಆಟದ (ಮನಬಂದಂತೆ ಗುಂಡಿ ಒತ್ತಿ ಆಡಿದ ಆಟದ) ಅಂಕ ಕಳೆದು, ಮನುಷ್ಯನ ಮತ್ತು ಕುರುಡು ಆಟದ ಅಂಕಗಳ ಅಂತರದಿಂದ ಭಾಗಿಸುವುದು ರೂಢಿಯ ಸೂತ್ರ. ಡಿಕ್ಯುಎನ್ ಬ್ರೇಕ್‌ಔಟ್‌ನಲ್ಲಿ ತೆಗೆದದ್ದು 401.2, ಮನುಷ್ಯನದು 31.8, ಕುರುಡು ಆಟದ್ದು 1.7, ಸೂತ್ರದ ಪ್ರಕಾರ ಸುಮಾರು ಶೇ 1,327. ಮಾಂಟೆಜುಮಾಸ್ ರಿವೆಂಜ್‌ನಲ್ಲಿ ಅದೇ ಏಜೆಂಟ್‌ನ ಅಂಕ ಸೊನ್ನೆ. ಎರಡರ ಸರಾಸರಿ ಶೇ 660 ದಾಟುತ್ತದೆ, ಎರಡು ಆಟಗಳಲ್ಲಿ ಒಂದನ್ನು ಆಡಲು ಬಾರದಿದ್ದರೂ. ಆದ್ದರಿಂದ ಅಂಕಗಳನ್ನು ಸಾಲಾಗಿಟ್ಟು ಮೇಲಿನ ಮತ್ತು ಕೆಳಗಿನ ಕಾಲು ಭಾಗ ಬಿಟ್ಟು ನಡುವಿನ ಅರ್ಧದ ಸರಾಸರಿ ಕೊಡಿ, ಜೊತೆಗೆ ಬೂಟ್‌ಸ್ಟ್ರಾಪ್ (ಇರುವ ಅಂಕಗಳಿಂದಲೇ ಮತ್ತೆ ಮತ್ತೆ ಮಾದರಿ ತೆಗೆಯುವ) ವಿಧಾನದ ಶೇ 95ರ ವಿಶ್ವಾಸಾಂತರವನ್ನೂ ಕೊಡಿ. 2021ರಿಂದ ಇದಕ್ಕೆ ಸಿದ್ಧ ಲೈಬ್ರರಿಯೂ ಇದೆ. ಪ್ರತಿ ಆಟದ ಅಂಕವನ್ನು ಅನುಬಂಧದಲ್ಲಿ ಪೂರ್ತಿ ಇಡಿ.

ಇದೆಲ್ಲಕ್ಕೂ ಗಣಕದ ಸಮಯ ಬೇಕು, ಅದನ್ನು ಮೊದಲೇ ಲೆಕ್ಕ ಹಾಕಬೇಕು. 10 ಆಟ, 5 ಸೀಡ್, ನಿಮ್ಮ ವಿಧಾನ ಮತ್ತು ಹೋಲಿಕೆಯ ವಿಧಾನ ಸೇರಿ 2, ಒಂದು ಓಟಕ್ಕೆ 20 ಗಂಟೆ ಎಂದಿಟ್ಟುಕೊಳ್ಳಿ: 2,000 ಜಿಪಿಯು (ಗ್ರಾಫಿಕ್ಸ್ ಚಿಪ್) ಗಂಟೆ. ಭಾಗಗಳನ್ನು ಒಂದೊಂದಾಗಿ ತೆಗೆದು ನೋಡುವ 3 ರೂಪಾಂತರ ಸೇರಿಸಿದರೆ ಇನ್ನೂ 3,000. ಒಂದೇ ಜಿಪಿಯುನಲ್ಲಿ ಒಂದರ ಹಿಂದೆ ಒಂದು ಓಡಿಸಿದರೆ 208 ದಿನ, ಒಂದೂ ಓಟ ಕೆಡದಿದ್ದರೆ. ಸೆಟ್ಟಿಂಗ್ ಹುಡುಕುವ ಓಟಗಳು ಇದರಲ್ಲಿ ಸೇರಿಲ್ಲ. ಗಣಕ ಸಾಲದಿದ್ದರೆ ಆಟಗಳನ್ನು ಕಡಿಮೆ ಮಾಡಿ, ಸೀಡ್‌ಗಳನ್ನು ಅಲ್ಲ. ಕಡಿಮೆ ಆಟಗಳಿಂದ ಹೇಳಿಕೆ ಕಿರಿದಾಗುತ್ತದೆ ಅಷ್ಟೇ, ಕಡಿಮೆ ಸೀಡ್‌ಗಳಿಂದ ಹೇಳಿಕೆಯೇ ಉಳಿಯುವುದಿಲ್ಲ. ಹೋಲಿಕೆಯ ವಿಧಾನಕ್ಕೂ ನಿಮ್ಮದರಷ್ಟೇ ಸೆಟ್ಟಿಂಗ್ ಹುಡುಕಾಟ ಮಾಡಬೇಕು. ಕೈಯಿಂದ ಬರೆದ ನಿಯಮಗಳ ಬಾಟ್ ಒಂದನ್ನೂ ಹೋಲಿಕೆಗೆ ಇಡಿ. ನೆಟ್‌ಹ್ಯಾಕ್ ಎಂಬ ಆಟದ 2021ರ ಸ್ಪರ್ಧೆಯಲ್ಲಿ ನಿಯಮ ಆಧಾರಿತ ಬಾಟ್‌ಗಳು ನರಜಾಲದ ಬಾಟ್‌ಗಳನ್ನು ಸ್ಪಷ್ಟವಾಗಿ ಹಿಂದಿಕ್ಕಿದವು.

ಕಲಿತದ್ದು ಬೇರೆಡೆ ಒದಗುತ್ತದೆಯೇ ಎಂಬುದನ್ನು ತೋರಿಸಲು ತರಬೇತಿಯ ಲೆವೆಲ್‌ಗಳನ್ನೂ ಪರೀಕ್ಷೆಯ ಲೆವೆಲ್‌ಗಳನ್ನೂ ಬೇರ್ಪಡಿಸಬೇಕು. 16 ಆಟಗಳ ಪರೀಕ್ಷಾ ಸಂಗ್ರಹವಾದ ಪ್ರಾಕ್‌ಜೆನ್ ಇದಕ್ಕೆಂದೇ ಇದೆ. ಸುಲಭ ಹಂತದಲ್ಲಿ 200 ಲೆವೆಲ್‌ಗಳಲ್ಲಿ ಕಲಿಸಿ ಉಳಿದವುಗಳಲ್ಲಿ ಪರೀಕ್ಷಿಸುತ್ತಾರೆ. ಅಷ್ಟೂ ಸಾಲದು. ಅದರ ಕಾಯಿನ್‌ರನ್ ಆಟದಲ್ಲಿ ನಾಣ್ಯ ಯಾವಾಗಲೂ ಬಲತುದಿಯಲ್ಲಿರುತ್ತದೆ. ನಾಣ್ಯವನ್ನು ಬೇರೆಡೆ ಇಟ್ಟು ನೋಡಿದಾಗ ಏಜೆಂಟ್ ಅದನ್ನು ಬಿಟ್ಟು ಬಲಕ್ಕೇ ಓಡಿತು. ಅದು ಕಲಿತದ್ದು ನಾಣ್ಯ ಹಿಡಿಯುವುದನ್ನಲ್ಲ ಎಂದು ತಿಳಿದದ್ದು ಹಾಗೆ.

ಆಡುವ ಬದಲು ಲೆವೆಲ್ ಸೃಷ್ಟಿಸುವುದು ನಿಮ್ಮ ವಿಷಯವಾದರೆ ದತ್ತಾಂಶ ತೀರ ಕಡಿಮೆ. ಮೂಲ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಇರುವುದೇ 32 ಲೆವೆಲ್. ಮಾದರಿ ಹೊಸದನ್ನು ಕಟ್ಟುತ್ತಿದೆಯೋ ಹಳೆಯದನ್ನು ತುಂಡು ತುಂಡಾಗಿ ಮರಳಿಸುತ್ತಿದೆಯೋ ಎಂದು ತಿಳಿಯಲು ಲೆವೆಲ್‌ನ ಸತತ ಕೆಲವು ಲಂಬ ಪಟ್ಟಿಗಳು ಮೂಲದಲ್ಲಿ ಹಾಗೆಯೇ ಇವೆಯೇ ಎಂದು ಹುಡುಕಿ. ಸಾವಿರ ಲೆವೆಲ್ ಉತ್ಪಾದಿಸಿ, ಪ್ರತಿಯೊಂದರ ಏರಿಳಿತ ಮತ್ತು ಕಠಿಣತೆ ಅಳೆದು ನಕ್ಷೆಯಲ್ಲಿ ಹರಡಿದರೆ ವೈವಿಧ್ಯ ಎಷ್ಟಿದೆ ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಎ ಸ್ಟಾರ್ ಎಂಬ ದಾರಿ ಹುಡುಕುವ ವಿಧಾನದ ಬಾಟ್ ದಾಟಿದ ಮಾತ್ರಕ್ಕೆ ಆಡಬಹುದಾದ ಲೆವೆಲ್ ಎನ್ನಬೇಡಿ. ಅದು ಒಂದು ಪಿಕ್ಸೆಲ್ ಅಂತರದಲ್ಲೂ ಜಿಗಿಯಬಲ್ಲದು, ಆಟಗಾರರು ಜಿಗಿಯಲಾರರು.

ಮನುಷ್ಯರೊಂದಿಗೆ ಹೋಲಿಸುವಾಗ ಸಮಾನತೆ ಏನೆಂದು ಮೊದಲು ನಿರ್ಧರಿಸಿ. 2019ರ ಆರಂಭದಲ್ಲಿ ಸ್ಟಾರ್‌ಕ್ರಾಫ್ಟ್ 2 ಆಡಿದ ಡೀಪ್‌ಮೈಂಡ್‌ನ ಏಜೆಂಟ್ ಆಲ್ಫಾಸ್ಟಾರ್‌ನ ಕೈವೇಗ ಮತ್ತು ಇಡೀ ನಕ್ಷೆಯನ್ನು ಒಮ್ಮೆಗೇ ಕಾಣುವ ಅನುಕೂಲದ ಬಗ್ಗೆ ಆಟಗಾರರು ಆಕ್ಷೇಪವೆತ್ತಿದರು. ಅದೇ ವರ್ಷ ಪ್ರಕಟವಾದ ಆವೃತ್ತಿಯಲ್ಲಿ 5 ಸೆಕೆಂಡಿಗೆ 22 ಕ್ರಿಯೆಗಳ ಮಿತಿ ಬಂತು, ನಕ್ಷೆಯ ಒಂದು ಭಾಗವನ್ನಷ್ಟೇ ಕಾಣುವ ಕ್ಯಾಮೆರಾ ನೋಟವೂ ಬಂತು. ಆಟಗಾರರಿಗೆ ಹೇಗನಿಸಿತು ಎಂದು ಅಳೆಯುವ ಅಧ್ಯಯನವಾದರೆ ನೈತಿಕ ಸಮಿತಿಯ ಅನುಮತಿಗೆ ಮೊದಲು ಒಬ್ಬರನ್ನೂ ಕರೆಯಬೇಡಿ. ಮಧ್ಯಮ ಗಾತ್ರದ ಪರಿಣಾಮವನ್ನು ರೂಢಿಯ ಶೇ 5ರ ಮಟ್ಟದಲ್ಲಿ, ಶೇ 80ರ ಸಾಮರ್ಥ್ಯದಿಂದ ಪತ್ತೆಹಚ್ಚಲು ಎರಡು ಪ್ರತ್ಯೇಕ ಗುಂಪುಗಳಲ್ಲಿ ತಲಾ 64 ಜನ ಬೇಕು. ಒಬ್ಬರೇ ಎರಡೂ ಆವೃತ್ತಿ ಆಡಿದರೆ 34 ಸಾಕು. ಆದರೆ ಎರಡನೆಯ ಸಲ ಆಡುವಾಗ ಕೈ ಪಳಗಿರುತ್ತದೆ. ಅರ್ಧ ಜನಕ್ಕೆ ಕ್ರಮ ತಿರುಗಿಸಿ. ಐದರಲ್ಲಿ ಎಷ್ಟು ಅಂಕ ಎಂದು ಕೇಳುವುದಕ್ಕಿಂತ ಎರಡರಲ್ಲಿ ಯಾವುದು ಹೆಚ್ಚು ಹಿಡಿಸಿತು ಎಂದು ಕೇಳಿದರೆ ಉತ್ತರ ಸ್ಥಿರವಾಗಿರುತ್ತದೆ.

ಭಾಷಾ ಮಾದರಿಗಳಿಂದ ಆಟ ಆಡಿಸುವ ಹೊಸ ಅಲೆಯಲ್ಲಿ ಮಾದರಿ ಆ ಆಟದ ಮಾರ್ಗದರ್ಶಿ ಪುಟಗಳನ್ನು ತರಬೇತಿಯಲ್ಲೇ ಓದಿರಬಹುದು ಎಂಬುದು ದೊಡ್ಡ ಅಡ್ಡಿ. ವಸ್ತುಗಳ ಹೆಸರು ಬದಲಿಸಿ, ಒಂದೆರಡು ನಿಯಮ ತಿರುಗಿಸಿ ಮತ್ತೆ ಆಡಿಸಿ. ಅಂಕ ಕುಸಿದರೆ ಅದು ಆಡುತ್ತಿದ್ದದ್ದು ನೆನಪಿನಿಂದ. ಕಂಪನಿಯ ಸರ್ವರ್‌ನಲ್ಲಿರುವ ಮಾದರಿ ಯಾವಾಗ ಬೇಕಾದರೂ ಬದಲಾಗಬಹುದು, ಹಿಂತೆಗೆದುಕೊಳ್ಳಲೂಬಹುದು. ಮುಖ್ಯ ಫಲಿತಾಂಶವನ್ನು ತೂಕಗಳು (ಮಾದರಿ ಕಲಿತ ಸಂಖ್ಯೆಗಳು) ಮುಕ್ತವಾಗಿ ಸಿಗುವ ಒಂದು ಮಾದರಿಯಲ್ಲಾದರೂ ಮತ್ತೆ ನಡೆಸಿಟ್ಟುಕೊಳ್ಳಿ.

ಪ್ರತಿ ಓಟದ ಜೊತೆಗೆ ಕೋಡ್‌ನ ಕಮಿಟ್ (ಆವೃತ್ತಿಯ) ಗುರುತು, ಸೀಡ್, ಲೈಬ್ರರಿಗಳ ಆವೃತ್ತಿ, ಆಟದ ಕಡತದ ಹ್ಯಾಷ್ (ಕಡತ ಅದೇ ಎಂದು ಖಚಿತಪಡಿಸುವ ಸಂಕೇತ), ಪೂರ್ಣ ಸೆಟ್ಟಿಂಗ್ ಕಡತ ತಾನಾಗಿ ದಾಖಲಾಗಲಿ. ಸರಾಸರಿ ಮಾತ್ರ ಉಳಿಸಿ ಕಚ್ಚಾ ಅಂಕ ಅಳಿಸಬೇಡಿ. ಪ್ರತಿ ಎಪಿಸೋಡಿನ (ಒಂದು ಪೂರ್ತಿ ಆಟದ) ಅಂಕ, ಉದ್ದ, ಮುಗಿದ ಕಾರಣ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟರೆ ಮೌಖಿಕ ಪರೀಕ್ಷೆಯ ಬಳಿಕ ಬೇರೆ ಅಳತೆಯಲ್ಲಿ ಕೋಷ್ಟಕ ಕೇಳಿದರೂ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಹುದು. ಇಲ್ಲದಿದ್ದರೆ ಆ 5,000 ಗಂಟೆ ಮತ್ತೆ.