ಜ್ವರ ಬಂದವ್ರಿಗೇ ಮೊದ್ಲು ಪರದೆ ಕಟ್ಟಿ

ಒಬ್ಬ ತಾಯಿ ಜ್ವರ ಬಂದ ಮಗನ್ನ ಎತ್ಕೊಂಡು ಬಂದಿದ್ರು, ಕೈಯಲ್ಲೊಂದು ಕಾಗದದ ಪೊಟ್ಟಣ. ಬಿಚ್ಚಿದ್ರೆ ಒಳಗೆ ಅಪ್ಪಚ್ಚಿಯಾದ ಸೊಳ್ಳೆ, ಸುತ್ತ ಒಣಗಿದ ರಕ್ತದ ಕಲೆ. "ರಾತ್ರಿ ಕಚ್ಚಿದ್ದು ಇದೇ ಡಾಕ್ಟ್ರೇ, ಬೆಳಿಗ್ಗೆ ಹೊತ್ತಿಗೆ ಜ್ವರ, ಇದನ್ನೇ ಟೆಸ್ಟ್ ಮಾಡಿ ನೋಡಿ" ಅಂದ್ರು. ಅಷ್ಟು ಜೋಪಾನವಾಗಿ ತಂದಿದ್ದು ನೋಡಿ ಮನಸ್ಸು ಕರಗ್ತು, ಆದ್ರೆ ಆ ಜ್ವರ ಮಲೇರಿಯಾನೇ ಆಗಿದ್ರೂ ಅದಕ್ಕೆ ರಾತ್ರಿ ಕಚ್ಚಿದ ಸೊಳ್ಳೆ ಕಾರಣ ಆಗೋಕೆ ಸಾಧ್ಯಾನೇ ಇಲ್ಲ. ನಂಗೆ ಬೇಕಿದ್ದಿದ್ದು ಹುಡುಗನ ಬೆರಳಿಂದ ಒಂದು ಹನಿ ರಕ್ತ ಅಷ್ಟೇ. ಸ್ಲೈಡಲ್ಲಿ ಸಿಕ್ತು, ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ.

ಸೊಳ್ಳೆ ಸಿರಿಂಜ್ ಅಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಜನ ಒಪ್ಪಲ್ಲ. ಒಬ್ರ ರಕ್ತ ಹೀರಿ ಪಕ್ಕದಲ್ಲಿ ಮಲಗಿದವ್ರಿಗೆ ಕಚ್ಚಿದ ತಕ್ಷಣ ಮಲೇರಿಯಾ ದಾಟಲ್ಲ. ರೋಗಿ ರಕ್ತದಲ್ಲಿ ಮಲೇರಿಯಾ ತರೋ ಪರಾವಲಂಬಿ ಜೀವಿಯ ಗಂಡು ಹೆಣ್ಣು ರೂಪಗಳಿರ್ತವೆ, ಮಲೇರಿಯಾ ಹರಡೋ ಜಾತಿಯ ಹೆಣ್ಣು ಅನಾಫಿಲಿಸ್ ಸೊಳ್ಳೆ ಹೀರಿದಾಗ ಅದ್ರ ಹೊಟ್ಟೇಲಿ ಅವು ಕೂಡಿ, ಕರುಳಿನ ಗೋಡೆ ತೂರಿ, ಆಚೆ ಬದಿಗೆ ಗುಳ್ಳೆ ಥರ ಅಂಟ್ಕೊಂಡು ಬೆಳೀತವೆ, ಗುಳ್ಳೆ ಒಡೆದ್ರೆ ದಾರದೆಳೆಯಂಥ ಸಾವಿರಾರು ಮರಿಗಳು ಹೊರಬಂದು ಜೊಲ್ಲಿನ ಗ್ರಂಥಿ ಸೇರ್ತವೆ. 1897ರಲ್ಲಿ ಸಿಕಂದರಾಬಾದ್‌ನಲ್ಲಿ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸೊಳ್ಳೆ ಬಿಡಿಸಿ ಕಂಡಿದ್ದು ಇಂಥ ಗುಳ್ಳೆಗಳನ್ನೇ. ಇಷ್ಟಾಗೋಕೆ ಸುಮಾರು 10ರಿಂದ 14 ದಿನ ಬೇಕು, ತಂಪು ಹವೆ ಇದ್ರೆ ಇನ್ನೂ ಜಾಸ್ತಿ, ಎಷ್ಟೋ ಸೊಳ್ಳೆಗಳು ಅಷ್ಟು ದಿನ ಬದುಕೋದೇ ಇಲ್ಲ. ಬದುಕಿ ಉಳಿದಿದ್ದು ಕಚ್ಚುವಾಗ, ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ ಜೊಲ್ಲು ಬಿಡುತ್ತಲ್ಲ, ಅದ್ರ ಜೊತೆಗೇ ಈ ಮರಿಗಳು ನಮ್ಮೊಳಗೆ ಬರ್ತವೆ.

ಬಂದ ಮೇಲೂ ಜ್ವರ ತಕ್ಷಣ ಇಲ್ಲ. ಮೊದ್ಲು ಲಿವರ್ ಸೇರಿ ಸುಮಾರು ಒಂದು ವಾರ ಸದ್ದಿಲ್ಲದೆ ಬೆಳೆದು ಆಮೇಲೆ ರಕ್ತಕ್ಕೆ ಇಳೀತವೆ, ವೈವಾಕ್ಸ್ ಆದ್ರೆ ಕೆಲವು ಲಿವರಲ್ಲೇ ತಿಂಗಳುಗಟ್ಟಲೆ ಮಲಗಿರೋದೂ ಉಂಟು.

ಲೆಕ್ಕ ಹಾಕಿ, ಆ ಹುಡುಗನಿಗೆ ರೋಗ ತಂದಿದ್ದು ಬೇರೆ ಸೊಳ್ಳೆ, ಅದು ಕಚ್ಚಿ ಹೋಗಿ ಯಾವ ಕಾಲ ಆಯ್ತೋ. ರಾತ್ರಿ ಬಂದಿದ್ದು ಅನಾಫಿಲಿಸೇ ಆಗಿದ್ರೆ ಅದು ಅವನಿಂದ ತಗೊಂಡು ಹೋಗೋಕೆ ಬಂದಿದ್ದು! ವೈವಾಕ್ಸಲ್ಲಿ ಜ್ವರ ಶುರುವಾಗೋ ಹೊತ್ತಿಗೇ ಸೊಳ್ಳೆಗೆ ದಾಟೋ ರೂಪಗಳು ರಕ್ತದಲ್ಲಿ ತಯಾರಿರಬಹುದು. ಆದ್ರೆ ಮನೆಗಳಲ್ಲಿ ಮಾಡೋದೇನು? ಹುಷಾರಾಗಿರೋರು ಪರದೆ ಒಳಗೆ, "ಇವನಿಗೆ ಹೇಗೂ ಬಂದಾಗಿದೆಯಲ್ಲ" ಅಂತ ರೋಗಿ ಹೊರಗೆ. ಇದು ನೋಡಿದ್ರೆ ನಂಗೆ ತಡೆಯೋಕಾಗಲ್ಲ.

ಎರಡು ದಿನಕ್ಕೆ ಜ್ವರ ಇಳೀತು ಅಂತ ಮಾತ್ರೆ ನಿಲ್ಲಿಸೋದೂ ಇದೇ ತಪ್ಪು. ಲಿವರಲ್ಲಿ ಮಲಗಿರೋದಕ್ಕೆ ಬೇರೆ ಮಾತ್ರೆ ಇದೆ, ಎಲ್ರಿಗೂ ಆಗಿಬರಲ್ಲ, ಕೆಲವರಿಗೆ ರಕ್ತ ಪರೀಕ್ಷೆ ಮಾಡಿಯೇ ಕೊಡ್ಬೇಕು, ಹಾಗಾಗಿ ನಿಮ್ಮನ್ನ ನೋಡಿದ ಡಾಕ್ಟ್ರು ಹೇಳಿದಷ್ಟು ದಿನ ತಗೊಳ್ಳಿ.

ಆ ತಾಯಿ ಎಲ್ಲಾ ಕೇಳಿಸ್ಕೊಂಡು, "ಪರದೆ ಒಂದೇ ಇರೋದು, ಚಿಕ್ಕವಳಿಗೆ ಕಟ್ಟಿದ್ದೆ" ಅಂದ್ರು. ಇಬ್ರನ್ನೂ ಅದ್ರೊಳಗೇ ಮಲಗಿಸಿ, ಅಂಚನ್ನ ಹಾಸಿಗೆ ಕೆಳಗೆ ಸರಿಯಾಗಿ ಸಿಗ್ಸಿ ಅಂದೆ.